ಮನೋವಿಶ್ಲೇಷಣೆಯ ಮೂಲ ಯಾವುದು? ಆನಾ ಓ. ಪ್ರಕರಣದ ಸುತ್ತ ಒಂದು ಚರ್ಚೆ

ಪ್ರಸನ್ನ:
ಮನೋವಿಶ್ಲೇಷಣೆಯ ಹುಟ್ಟನ್ನು ಹೇಳುವ ಪರಿಚಯ ಲೇಖನಗಳು ಹೆಚ್ಚುಕಡಿಮೆ ಒಂದೇ ಕಥೆಯಿಂದ ಆರಂಭವಾಗುತ್ತವೆ. 1880ರ ಕೊನೆಯಲ್ಲಿ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಇಪ್ಪತ್ತೊಂದು ವರ್ಷದ ಯುವತಿಯೊಬ್ಬಳ ಚಿಕಿತ್ಸೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಹಾಸಿಗೆ ಹಿಡಿದ ತಂದೆಯ ಆರೈಕೆ ಮಾಡುತ್ತಲೇ ಕಾಯಿಲೆ ಬಿದ್ದ ಆಕೆಗೆ ಬಲಗೈ ಸ್ವಾಧೀನ ತಪ್ಪಿದೆ, ಕೆಮ್ಮು ಬಿಡುತ್ತಿಲ್ಲ, ಕೊನೆಗೆ ತಾಯ್ನುಡಿಯಾದ ಜರ್ಮನ್ ಕೂಡ ಬಾಯಿಗೆ ಬಾರದೆ ಇಂಗ್ಲಿಷಿನಲ್ಲಿ ಮಾತ್ರ ಮಾತಾಡುತ್ತಾಳೆ. ಸಂಮೋಹನದ ಸ್ಥಿತಿಯಲ್ಲಿ ಒಂದೊಂದು ಲಕ್ಷಣವೂ ಮೊದಲು ಕಾಣಿಸಿಕೊಂಡ ಸಂದರ್ಭವನ್ನು ಆಕೆ ಹೇಳಿಕೊಂಡಂತೆಲ್ಲ ಆ ಲಕ್ಷಣ ಮಾಯವಾಗುತ್ತದೆ; 1882ರ ಜೂನ್ ಹೊತ್ತಿಗೆ ಆಕೆ ಗುಣಮುಖಳಾಗುತ್ತಾಳೆ. 1895ರಲ್ಲಿ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಸೇರಿ ಪ್ರಕಟಿಸಿದ ಹಿಸ್ಟೀರಿಯಾ (ದೇಹದಲ್ಲಿ ಕಾರಣ ಕಾಣದ ಇಂಥ ಲಕ್ಷಣಗಳಿಗೆ ಅಂದಿನ ವೈದ್ಯರು ಕೊಟ್ಟ ಹೆಸರು) ಅಧ್ಯಯನಗಳ ಪುಸ್ತಕದಲ್ಲಿ ಆಕೆ 'ಆನಾ ಓ.' ಎಂಬ ಮರೆಹೆಸರಿನಲ್ಲಿ ಬರುತ್ತಾಳೆ, ಮನೋವಿಶ್ಲೇಷಣೆಯ ಮೊದಲ ರೋಗಿ ಎಂದು ಪ್ರಸಿದ್ಧಳಾಗುತ್ತಾಳೆ.

ಆದರೆ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಸ್ವಿಟ್ಜರ್ಲೆಂಡಿನ ಕ್ರೊಯಿಟ್ಸ್‌ಲಿಂಗೆನ್‌ನಲ್ಲಿದ್ದ ಬೆಲೆವ್ಯೂ ಎಂಬ ಆರೋಗ್ಯಧಾಮದ ಕಡತಗಳನ್ನು ಇತಿಹಾಸಕಾರ ಹೆನ್ರಿ ಎಲೆನ್‌ಬರ್ಗರ್ 1972ರಲ್ಲಿ ಬೆಳಕಿಗೆ ತಂದರು. 'ಗುಣಮುಖಳಾದ' ಮರುತಿಂಗಳೇ, ಅಂದರೆ 1882ರ ಜುಲೈಯಲ್ಲಿ, ಅದೇ ಬ್ರಾಯರ್ ಆಕೆಯನ್ನು ಅಲ್ಲಿಗೆ ಸೇರಿಸಿದ್ದರು. ಮುಖದ ನರಶೂಲೆಗೆಂದು ಕೊಟ್ಟ ಮಾರ್ಫಿನ್ ಆಕೆಗೆ ಚಟವಾಗಿತ್ತು, ಜರ್ಮನ್ ಮಾತು ಆಗಾಗ ತಪ್ಪುತ್ತಲೇ ಇತ್ತು. ಫ್ರಾಯ್ಡ್‌ಗೆ ಇದು ತಿಳಿಯದ ಸಂಗತಿಯೂ ಅಲ್ಲ. ಆ ಬಡಪಾಯಿ ಸತ್ತು ನರಳಾಟದಿಂದ ಬಿಡುಗಡೆ ಹೊಂದಿದರೆ ಒಳ್ಳೆಯದೆಂದು ಬ್ರಾಯರ್ ಹೇಳಿದರೆಂದು 1883ರಲ್ಲಿ ಅವರೇ ತಮ್ಮ ಭಾವೀಪತ್ನಿಗೆ ಬರೆದ ಪತ್ರವಿದೆ. ಇಷ್ಟೆಲ್ಲ ತಿಳಿದೂ ಹನ್ನೆರಡು ವರ್ಷಗಳ ನಂತರ ಆ ಪ್ರಕರಣವನ್ನು ಯಶಸ್ಸೆಂದು ಮುಂದಿಡಲಾಯಿತು. ಬುಡದಲ್ಲೇ ಇಂಥ ಅಸತ್ಯ ಇರುವಾಗ ಮನೋವಿಶ್ಲೇಷಣೆಯನ್ನು ವೈದ್ಯವಿಜ್ಞಾನದ ಭಾಗವೆಂದು ಏಕೆ ಪರಿಗಣಿಸಬೇಕು? ಅದನ್ನು ಇಪ್ಪತ್ತನೆಯ ಶತಮಾನದ ಒಂದು ಪ್ರಭಾವಶಾಲಿ ಸಾಹಿತ್ಯ ಪ್ರಕಾರವೆಂದು ಓದುವುದೇ ಪ್ರಾಮಾಣಿಕವಲ್ಲವೇ? ಬಲ್ಲವರು ದಯವಿಟ್ಟು ಉತ್ತರಿಸಬೇಕು.

ವಸುಧಾ (ಮನೋವೈದ್ಯೆ):
ಪ್ರಸನ್ನ ಅವರೇ, ನೀವು ಕೊಟ್ಟ ಸಂಗತಿಗಳಲ್ಲಿ ತಪ್ಪಿಲ್ಲ. ಆದರೆ ಅವುಗಳಿಂದ ನೀವು ತೆಗೆದ ತೀರ್ಮಾನಕ್ಕೆ ಹೋಗುವ ಮೊದಲು, ನಾವು ಯಾವುದನ್ನು ಮನೋವಿಶ್ಲೇಷಣೆ ಎನ್ನುತ್ತಿದ್ದೇವೆ ಎಂಬುದು ಸ್ಪಷ್ಟವಾಗಬೇಕು. 1923ರಲ್ಲಿ ಪ್ರಕಟವಾದ ವಿಶ್ವಕೋಶ ಲೇಖನವೊಂದರಲ್ಲಿ ಫ್ರಾಯ್ಡ್ ಈ ಹೆಸರು ಮೂರು ವಿಷಯಗಳಿಗೆ ಸಲ್ಲುತ್ತದೆ ಎಂದಿದ್ದಾರೆ: ಬೇರೆ ದಾರಿಯಿಂದ ತಲುಪಲಾಗದ ಮಾನಸಿಕ ವ್ಯಾಪಾರಗಳನ್ನು ಶೋಧಿಸುವ ಒಂದು ಕ್ರಮ, ಆ ಕ್ರಮವನ್ನು ಆಧರಿಸಿದ ಚಿಕಿತ್ಸೆ, ಮತ್ತು ಈ ಮಾರ್ಗದಲ್ಲಿ ಕೂಡುತ್ತ ಬಂದ ತಿಳಿವಳಿಕೆಯಿಂದ ರೂಪುಗೊಳ್ಳುತ್ತಿರುವ ಒಂದು ಶಾಸ್ತ್ರ. ಶೋಧನೆಯ ಕ್ರಮವನ್ನು ಅವರು ಮೊದಲು ಇಟ್ಟಿದ್ದಾರೆ, ಚಿಕಿತ್ಸೆಯನ್ನು ಎರಡನೆಯದಾಗಿ ಇಟ್ಟಿದ್ದಾರೆ ಎಂಬುದನ್ನು ಗಮನಿಸಬೇಕು. ನಮ್ಮ ಚರ್ಚೆಗಳಲ್ಲಿ ಈ ಮೂರೂ ಕಲಸಿಹೋಗುವುದರಿಂದ, ಈಡಿಪಸ್ ಸಿದ್ಧಾಂತವನ್ನು (ಗಂಡುಮಗುವಿಗೆ ತಾಯಿಯ ಮೇಲೆ ಬಯಕೆ, ತಂದೆಯೊಡನೆ ಪೈಪೋಟಿ ಇರುತ್ತದೆ ಎಂಬುದನ್ನು) ಒಪ್ಪದವರು ಚಿಕಿತ್ಸೆಯನ್ನೂ ತಳ್ಳಿಹಾಕುತ್ತಾರೆ, ಚಿಕಿತ್ಸೆಯಿಂದ ಉಪಯೋಗ ಪಡೆದವರು ಇಡೀ ಸಿದ್ಧಾಂತವನ್ನು ಹೊತ್ತು ತಿರುಗುತ್ತಾರೆ.

ಇನ್ನು ಆನಾ ಓ. ಪ್ರಕರಣ. ಬ್ರಾಯರ್ ಬರೆದ ವರದಿಯ ಕೊನೆಯ ಭಾಗವನ್ನು ನಿಧಾನವಾಗಿ ಓದಿದರೆ, ಮನಸ್ಸಿನ ಸಮತೋಲನ ಪೂರ್ತಿಯಾಗಿ ಮರಳಲು ಆಕೆಗೆ ಇನ್ನೂ ಸಾಕಷ್ಟು ಕಾಲ ಹಿಡಿಯಿತು ಎಂಬ ವಾಕ್ಯ ಅಲ್ಲೇ ಇದೆ. ಆರೋಗ್ಯಧಾಮದ ಹೆಸರನ್ನೂ ಮಾರ್ಫಿನ್ ವಿಷಯವನ್ನೂ ಮುಚ್ಚಿಟ್ಟದ್ದು ಸಮರ್ಥನೀಯವಲ್ಲ. ವೈದ್ಯೆಯಾಗಿ ಅದನ್ನು ನಾನು ಖಂಡಿಸುತ್ತೇನೆ. ಆದರೆ ಆ ವರದಿಯ ಬೆಲೆ ಇರುವುದು ಅಂತಿಮ ಫಲಿತಾಂಶದಲ್ಲಲ್ಲ. ಒಂದು ಬೇಸಿಗೆಯಲ್ಲಿ ಆಕೆಗೆ ನೀರು ಕುಡಿಯಲಾಗುತ್ತಿರಲಿಲ್ಲ. ಬಾಯಾರಿಕೆಯಿಂದ ಲೋಟವನ್ನು ಕೈಗೆತ್ತಿಕೊಳ್ಳುವಳು, ತುಟಿಗೆ ತಾಗಿದೊಡನೆ ದೂರ ತಳ್ಳುವಳು. ಸುಮಾರು ಆರು ವಾರ ರಸಭರಿತ ಹಣ್ಣುಗಳಲ್ಲೇ ಕಳೆದಳು. ಒಂದು ದಿನ ಸಂಮೋಹನದಲ್ಲಿ, ತನಗೆ ಇಷ್ಟವಿಲ್ಲದ ಇಂಗ್ಲಿಷ್ ಸಹಾಯಕಿಯ ಕೋಣೆಗೆ ಹೋದಾಗ ಅವಳ ನಾಯಿ ಲೋಟದಿಂದ ನೀರು ನೆಕ್ಕುತ್ತಿದ್ದುದನ್ನು ಕಂಡದ್ದು, ಸಭ್ಯತೆಗಾಗಿ ಸುಮ್ಮನಿದ್ದದ್ದು ಆಕೆಯ ಬಾಯಿಂದ ಬಂತು. ಅಂದು ನುಂಗಿಕೊಂಡ ಅಸಹ್ಯವನ್ನೆಲ್ಲ ಹೊರಹಾಕಿದ ಮೇಲೆ ನೀರು ಕೇಳಿ ಪಡೆದು ಧಾರಾಳವಾಗಿ ಕುಡಿದಳು. ಈ ಘಟನೆಯಿಂದ ರೋಗ ಬೇರುಸಹಿತ ಹೋಯಿತೆಂದು ಹೇಳಲಾಗದು. ಆದರೆ ದೇಹದ ಒಂದು ಲಕ್ಷಣಕ್ಕೆ ರೋಗಿಯ ಬದುಕಿನಲ್ಲಿ ಅರ್ಥವಿರಬಹುದು, ಆ ಅರ್ಥ ರೋಗಿಗೇ ತಿಳಿಯದಿರಬಹುದು ಎಂಬ ಪ್ರಶ್ನೆ ವೈದ್ಯನ ಮುಂದೆ ನಿಂತದ್ದು ಇಲ್ಲಿ. ಹಿಸ್ಟೀರಿಯಾ ರೋಗಿಗಳಿಗೆ ವಿದ್ಯುತ್ ಚಿಕಿತ್ಸೆ, ಜಲಚಿಕಿತ್ಸೆ ಕೊಡುತ್ತಿದ್ದ ಅಥವಾ ನಟನೆ ಎಂದು ಗದರಿಸಿ ಕಳುಹಿಸುತ್ತಿದ್ದ ಕಾಲವದು.

ಮತ್ತೊಂದು ಮಾತು. ಬ್ರಾಯರ್ ಮಾಡಿದ್ದು ಇನ್ನೂ ಮನೋವಿಶ್ಲೇಷಣೆ ಅಲ್ಲ. ಸಂಮೋಹನದಲ್ಲಿ ನೆನಪನ್ನು ಹೊರಗೆಳೆದು, ಅದರೊಡನೆ ಕಟ್ಟಿಬಿದ್ದಿದ್ದ ಭಾವವನ್ನು ಹೊರಹಾಕಿಸುವ ವಿರೇಚನ ವಿಧಾನ ಅದು. ಫ್ರಾಯ್ಡ್ ತಮ್ಮ ವಿಧಾನಕ್ಕೆ ಮನೋವಿಶ್ಲೇಷಣೆ ಎಂಬ ಹೆಸರನ್ನು ಮುದ್ರಣದಲ್ಲಿ ಮೊದಲು ಬಳಸಿದ್ದು 1896ರಲ್ಲಿ, ಅದೂ ಫ್ರೆಂಚ್ ಭಾಷೆಯ ಲೇಖನವೊಂದರಲ್ಲಿ. ಈ ಎರಡರ ನಡುವಿನ ವರ್ಷಗಳಲ್ಲಿ ನಡೆದದ್ದೇ ನಿಜವಾದ ಹುಟ್ಟು.

ನಾರಾಯಣ ಮೇಷ್ಟ್ರು:
ವಸುಧಾ ಮೇಡಂ, ಮನಸ್ಸಿನ ತಳದಲ್ಲಿ ನಮಗೆ ಅರಿವಿಲ್ಲದೆ ಕೆಲಸ ಮಾಡುವ ಶಕ್ತಿಗಳಿವೆ ಎಂಬ ವಿಚಾರ 1880ರಲ್ಲಿ ವಿಯೆನ್ನಾದಲ್ಲಿ ಹುಟ್ಟಿತು ಎಂಬಂತೆ ಬರೆಯುವುದು ನನಗೆ ಸರಿಕಾಣುವುದಿಲ್ಲ. ಪತಂಜಲಿಯ ಯೋಗಸೂತ್ರಗಳ ಎರಡನೆಯ ಪಾದದ ನಾಲ್ಕನೆಯ ಸೂತ್ರದಲ್ಲಿ ಕ್ಲೇಶಗಳಿಗೆ (ರಾಗ, ದ್ವೇಷಗಳಂಥ ಮನಸ್ಸಿನ ಬಾಧೆಗಳಿಗೆ) ನಾಲ್ಕು ಅವಸ್ಥೆಗಳನ್ನು ಹೇಳಿದೆ: ಪ್ರಸುಪ್ತ, ತನು, ವಿಚ್ಛಿನ್ನ, ಉದಾರ. ಮಲಗಿರುವುದು, ತೆಳುವಾಗಿರುವುದು, ಇನ್ನೊಂದು ಭಾವದಿಂದ ತಡೆಯಲ್ಪಟ್ಟು ಮರೆಯಾಗಿರುವುದು, ಪೂರ್ಣವಾಗಿ ಪ್ರಕಟವಾಗಿರುವುದು. ವ್ಯಾಸಭಾಷ್ಯ ಇದಕ್ಕೆ ಕೊಡುವ ದೃಷ್ಟಾಂತವನ್ನು ನೋಡಿ: ಚೈತ್ರನು ಒಬ್ಬ ಸ್ತ್ರೀಯಲ್ಲಿ ಅನುರಕ್ತನಾಗಿದ್ದಾನೆ ಎಂದ ಮಾತ್ರಕ್ಕೆ ಉಳಿದವರಲ್ಲಿ ವಿರಕ್ತನಾಗಿದ್ದಾನೆ ಎಂದಲ್ಲ; ರಾಗ ಎದ್ದಿರುವಾಗ ಕ್ರೋಧ ಕಾಣದು ಎಂದ ಮಾತ್ರಕ್ಕೆ ಕ್ರೋಧ ಇಲ್ಲವೆಂದಲ್ಲ. ಹಿಂದಿನ ಅನುಭವಗಳು ಮನಸ್ಸಿನಲ್ಲಿ ಉಳಿಸಿದ ಗುರುತು ಎಂಬರ್ಥದ ಸಂಸ್ಕಾರ, ವಾಸನೆ ಎಂಬ ಮಾತುಗಳನ್ನು ನಮ್ಮ ಹಳ್ಳಿಯ ಹರಿಕಥೆದಾಸರೂ ಬಳಸುತ್ತಿದ್ದರು. ಹೀಗಿರುವಾಗ ಮನೋವಿಶ್ಲೇಷಣೆಯ ಮೂಲ ಕುರಿತ ಚರ್ಚೆಯಲ್ಲಿ ಈ ಪರಂಪರೆಗೆ ಒಂದು ವಾಕ್ಯದ ಸ್ಥಾನವೂ ಇಲ್ಲದಿರುವುದು ನ್ಯಾಯವಲ್ಲ. ಕಲ್ಕತ್ತಾದ ಗಿರೀಂದ್ರಶೇಖರ ಬೋಸ್ 1922ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಲು ಸಾಧ್ಯವಾದದ್ದು ಇಲ್ಲಿನ ನೆಲ ಮೊದಲೇ ಹದವಾಗಿದ್ದುದರಿಂದ ಎಂದು ನನ್ನ ದೃಢವಾದ ಅಭಿಪ್ರಾಯ.

ಅನುಪಮಾ:
ಮೇಷ್ಟ್ರೇ, ನೀವು ಉಲ್ಲೇಖಿಸಿದ ಸೂತ್ರ ಮತ್ತು ಭಾಷ್ಯ ಬಹಳ ಸೂಕ್ಷ್ಮವಾದವು. ವಿಚ್ಛಿನ್ನ ಎಂಬ ಅವಸ್ಥೆಯಂತೂ ಇಲ್ಲಿನ ಚರ್ಚೆಗೆ ತೀರ ಹತ್ತಿರದ್ದು. ಆದರೆ ಇದರಲ್ಲಿ ಪೂರ್ವ ಪಶ್ಚಿಮಗಳ ಪೈಪೋಟಿಗೆ ಅವಕಾಶವೇ ಇಲ್ಲ. ಯೂರೋಪಿನಲ್ಲಿಯೂ ಅರಿವಿಗೆ ಬಾರದ ಮನಸ್ಸಿನ ವಿಚಾರ ಫ್ರಾಯ್ಡ್‌ಗಿಂತ ಹಿಂದಿನದೇ. ಕಾರುಸ್ ಎಂಬ ವೈದ್ಯ 1846ರಲ್ಲೇ ಅದನ್ನು ಕುರಿತು ಬರೆದಿದ್ದ, 1869ರಲ್ಲಿ ಹಾರ್ಟ್‌ಮನ್ ಅದರ ಮೇಲೆ ದೊಡ್ಡ ತತ್ತ್ವಗ್ರಂಥವನ್ನೇ ಪ್ರಕಟಿಸಿದ. ಪ್ಯಾರಿಸ್ಸಿನಲ್ಲಿ ಪಿಯೆರ್ ಜಾನೆ 1889ರ ಹೊತ್ತಿಗೆ ಹಿಸ್ಟೀರಿಯಾ ರೋಗಿಗಳ ಮರೆತ ನೆನಪುಗಳನ್ನು ಸಂಮೋಹನದಿಂದ ಹೊರತೆಗೆದು ಚಿಕಿತ್ಸೆ ನೀಡಿದ್ದನ್ನು ವರದಿ ಮಾಡಿದ್ದ. ಹಾಗಾಗಿ ಸುಪ್ತ ಮನಸ್ಸನ್ನು ಫ್ರಾಯ್ಡ್ ಕಂಡುಹಿಡಿದರು ಎಂಬ ಮಾತು ಎಲ್ಲಿಂದ ನೋಡಿದರೂ ನಿಲ್ಲುವುದಿಲ್ಲ.

ಹೊಸದೇನು ಎಂದರೆ ಜಾನೆಯೊಡನೆ ಹೋಲಿಸಿದಾಗ ಅದು ಚೆನ್ನಾಗಿ ಕಾಣುತ್ತದೆ. ಜಾನೆಯ ಪ್ರಕಾರ ರೋಗಿಯ ಮನಸ್ಸು ದುರ್ಬಲವಾಗಿರುವುದರಿಂದ ಎಲ್ಲ ಅನುಭವಗಳನ್ನೂ ಒಟ್ಟಾಗಿ ಹಿಡಿದಿಡಲಾರದೆ ಕೆಲವು ಚೂರುಗಳು ಕಳಚಿ ಬೀಳುತ್ತವೆ. ಫ್ರಾಯ್ಡ್ ಪ್ರಕಾರ ಆ ನೆನಪು ತಾನಾಗಿ ಕಳಚಿ ಬಿದ್ದದ್ದಲ್ಲ, ನೂಕಲ್ಪಟ್ಟದ್ದು; ನೂಕಿದ ಶಕ್ತಿ ಇನ್ನೂ ಬಾಗಿಲಿಗೆ ಒತ್ತಿ ನಿಂತಿದೆ; ನೂಕಲ್ಪಟ್ಟದ್ದು ಕನಸಾಗಿ, ಬಾಯಿತಪ್ಪಾಗಿ, ಕಾಲುನೋವಾಗಿ ವೇಷ ಬದಲಿಸಿ ಮರಳಿ ಬರುತ್ತದೆ. ವ್ಯಾಸಭಾಷ್ಯದ ಚೈತ್ರನಲ್ಲಿ ಒಂದು ಭಾವ ಇನ್ನೊಂದನ್ನು ಮರೆಮಾಡಿದೆ, ಆದರೆ ತನ್ನನ್ನು ತಾನು ಮೋಸಗೊಳಿಸಿಕೊಳ್ಳುವ ಈ ವ್ಯವಸ್ಥೆ ಅಲ್ಲಿಲ್ಲ. ಗುರಿಯಂತೂ ಪೂರ್ತಿ ಬೇರೆ. ಯೋಗದಲ್ಲಿ ಕ್ಲೇಶಗಳು ಹುರಿದ ಬೀಜದಂತೆ ಮತ್ತೆ ಮೊಳೆಯದಂತಾಗಬೇಕು. 1895ರ ಪುಸ್ತಕದ ಕೊನೆಯಲ್ಲಿ ಫ್ರಾಯ್ಡ್ ರೋಗಿಗೆ ಕೊಡುವ ಭರವಸೆ ಇಷ್ಟೇ: ನಿಮ್ಮ ಹಿಸ್ಟೀರಿಯಾದ ಸಂಕಟವನ್ನು ಎಲ್ಲರಿಗೂ ಇರುವ ಸಾಮಾನ್ಯ ದುಃಖವಾಗಿ ಮಾರ್ಪಡಿಸಲು ಸಾಧ್ಯವಾದರೆ ಅದೇ ಬಹಳವಾಯಿತು. ಮೋಕ್ಷದ ಮಾತು ಇರಲಿ, ಸುಖದ ಮಾತೂ ಅಲ್ಲಿಲ್ಲ.

ಗಿರೀಂದ್ರಶೇಖರ ಬೋಸ್ ಅವರ ವಿಷಯದಲ್ಲಿ ನಿಮ್ಮ ವಾದಕ್ಕಿಂತ ಅವರ ಕೆಲಸ ಹೆಚ್ಚು ಸ್ವಾರಸ್ಯಕರವಾಗಿದೆ. ದಮನದ, ಅಂದರೆ ಒಪ್ಪಲಾಗದ ಬಯಕೆಯನ್ನು ಅರಿವಿನಿಂದ ಹೊರಗೆ ನೂಕುವುದರ, ಪರಿಕಲ್ಪನೆಯನ್ನು ಕುರಿತ ತಮ್ಮ ಪ್ರಬಂಧವನ್ನು ಅವರು 1921ರಲ್ಲಿ ಫ್ರಾಯ್ಡ್‌ಗೆ ಕಳುಹಿಸಿದರು. ಇಬ್ಬರ ನಡುವೆ ಹದಿನಾರು ವರ್ಷಗಳ ಕಾಲ ಪತ್ರವ್ಯವಹಾರ ನಡೆಯಿತು, ಮುಖಾಮುಖಿ ಭೇಟಿ ಮಾತ್ರ ಆಗಲಿಲ್ಲ. ಪ್ರತಿಯೊಂದು ಬಯಕೆಯ ಜೊತೆಗೆ ಅದಕ್ಕೆ ವಿರುದ್ಧವಾದ ಬಯಕೆಯೂ ಇರುತ್ತದೆ, ದಮನಕ್ಕೆ ಕಾರಣ ಈ ಜೋಡಿಯ ಘರ್ಷಣೆ ಎಂಬುದು ಬೋಸರ ಸಿದ್ಧಾಂತ. ತಂದೆಯ ಶಿಕ್ಷೆಯ ಭಯಕ್ಕೆ ಫ್ರಾಯ್ಡ್ ಕೊಟ್ಟಷ್ಟು ಪ್ರಾಮುಖ್ಯವನ್ನು ತಮ್ಮ ಬಂಗಾಳಿ ರೋಗಿಗಳಲ್ಲಿ ಕಾಣಲಿಲ್ಲವೆಂದೂ, ಹೆಣ್ಣಾಗಬೇಕೆಂಬ ಬಯಕೆ ಇಲ್ಲಿನ ಪುರುಷರಲ್ಲಿ ಹೆಚ್ಚು ಸಲೀಸಾಗಿ ಹೊರಬರುತ್ತದೆಂದೂ ಅವರು ಬರೆದರು. ಫ್ರಾಯ್ಡ್ ಇದನ್ನು ಒಪ್ಪಲಿಲ್ಲ. ಬೋಸ್ ಈ ಭಿನ್ನಾಭಿಪ್ರಾಯವನ್ನು ಮಂಡಿಸಿದ್ದು ಕಲ್ಕತ್ತಾದ ರೋಗಿಗಳ ಮಾತುಗಳನ್ನು ಮುಂದಿಟ್ಟುಕೊಂಡು. ಗೀತೆ, ಪುರಾಣ, ಯೋಗಶಾಸ್ತ್ರಗಳಲ್ಲಿ ಆಳವಾದ ಓದಿದ್ದ ಅವರಿಗೆ ಇದು ನಮ್ಮಲ್ಲಿ ಮೊದಲೇ ಇತ್ತು ಎನ್ನುವ ದಾರಿ ಎಲ್ಲರಿಗಿಂತ ಸುಲಭವಾಗಿತ್ತು.

ಪ್ರಸನ್ನ:
ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದ್ದೇನೆ. ವಸುಧಾ ಮೇಡಂ ಅವರು ಚಿಕಿತ್ಸೆಯ ಫಲಿತಾಂಶವನ್ನು ಬದಿಗಿಟ್ಟು ಶೋಧನೆಯ ಕ್ರಮವನ್ನು ಮುಂದೆ ಇಡುತ್ತಾರೆ. ಸರಿ, ನನ್ನ ಆಕ್ಷೇಪವನ್ನೂ ಅಲ್ಲಿಗೇ ತರುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ದೋಷ ಇನ್ನೂ ಆಳವಾಗಿರುವುದು ಅಲ್ಲೇ.

1896ರಲ್ಲಿ ಫ್ರಾಯ್ಡ್ ತಮ್ಮ ಹದಿನೆಂಟು ಹಿಸ್ಟೀರಿಯಾ ರೋಗಿಗಳಲ್ಲಿಯೂ ಬಾಲ್ಯದ ಲೈಂಗಿಕ ದೌರ್ಜನ್ಯದ ನೆನಪು ಸಿಕ್ಕಿತೆಂದು ವಿಯೆನ್ನಾದ ವೈದ್ಯರ ಮುಂದೆ ಘೋಷಿಸಿದರು. ಮರುವರ್ಷ, 1897ರ ಸೆಪ್ಟೆಂಬರ್ 21ರಂದು, ತಮ್ಮ ಗೆಳೆಯ ಫ್ಲೀಸ್‌ಗೆ ಬರೆದ ಪತ್ರದಲ್ಲಿ ಆ ಸಿದ್ಧಾಂತದಲ್ಲಿ ತಮಗೆ ನಂಬಿಕೆ ಉಳಿದಿಲ್ಲವೆಂದರು. ಆ ನೆನಪುಗಳಲ್ಲಿ ಹಲವು ನಿಜವಲ್ಲದಿದ್ದರೆ, ಅವು ಹೊರಬಂದದ್ದು ಯಾವ ಕ್ರಮದಿಂದ? ಇದೇ ಶೋಧನೆಯ ಕ್ರಮದಿಂದ ಅಲ್ಲವೇ? ಹಣೆಯ ಮೇಲೆ ಕೈಯಿಟ್ಟು ಒತ್ತಿ, ಇನ್ನೂ ನೆನಪಿಸಿಕೊಳ್ಳಿ, ಖಂಡಿತ ಏನೋ ಇದೆ ಎಂದು ಒತ್ತಾಯಿಸುವ ವೈದ್ಯನ ಮುಂದೆ, ಅವನು ನಿರೀಕ್ಷಿಸುವುದನ್ನೇ ರೋಗಿ ಒದಗಿಸುವ ಸಂಭವ ಎಷ್ಟಿದೆ ಎಂದು ಯೋಚಿಸಿ. ದಾರ್ಶನಿಕ ಅಡಾಲ್ಫ್ ಗ್ರುನ್‌ಬಾಮ್ 1984ರಲ್ಲಿ ಎತ್ತಿದ ಮುಖ್ಯ ಆಕ್ಷೇಪವೂ ಇದೇ: ಚಿಕಿತ್ಸೆಯ ಕೋಣೆಯಲ್ಲಿ ಸಿಗುವ ಪುರಾವೆಯಲ್ಲಿ ವೈದ್ಯನ ಸೂಚನೆ ಬೆರೆತಿರುವುದರಿಂದ ಅದು ಸಿದ್ಧಾಂತಕ್ಕೆ ಸಾಕ್ಷಿಯಾಗಲಾರದು.

ವಿಜ್ಞಾನದ ದಾರ್ಶನಿಕ ಕಾರ್ಲ್ ಪಾಪರ್ ಅವರ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು. ಮಗುವನ್ನು ಮುಳುಗಿಸಲೆಂದು ನೀರಿಗೆ ತಳ್ಳುವವನನ್ನೂ, ಮಗುವನ್ನು ಉಳಿಸಲು ಪ್ರಾಣ ಕೊಡುವವನನ್ನೂ ಒಂದೇ ಸಿದ್ಧಾಂತ ಅಷ್ಟೇ ಸರಾಗವಾಗಿ ವಿವರಿಸಬಲ್ಲದು ಎಂದಾದರೆ, ಅದು ಯಾವ ಸಂದರ್ಭದಲ್ಲಿ ತಪ್ಪೆಂದು ಸಾಬೀತಾಗುತ್ತದೆ? ರೋಗಿ ಹೌದೆಂದರೆ ವಿವರಣೆ ಸರಿ, ಅಲ್ಲವೆಂದರೆ ಅದು ಪ್ರತಿರೋಧ (ನೋವಿನ ಸತ್ಯವನ್ನು ಮನಸ್ಸೇ ತಡೆಯುವುದು), ಆದ್ದರಿಂದ ಮತ್ತಷ್ಟು ಸರಿ. ಹದಿನೆಂಟು ವರ್ಷದ ಹುಡುಗಿಗೆ, ನಿನ್ನ ತಂದೆಯ ಸ್ನೇಹಿತನ ಮೇಲೆ ನಿನಗೇ ಪ್ರೀತಿಯಿದೆ ಎಂದು ಫ್ರಾಯ್ಡ್ ಪಟ್ಟುಹಿಡಿದು ಹೇಳಿದ ಡೋರಾ ಪ್ರಕರಣ ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಆ ಮನುಷ್ಯ ಅವಳನ್ನು ಬಲವಂತವಾಗಿ ಚುಂಬಿಸಿದವನು. ಹನ್ನೊಂದು ವಾರಗಳ ನಂತರ, 1900ರ ಡಿಸೆಂಬರ್ 31ರಂದು, ಅವಳು ಎದ್ದು ಹೊರಟುಹೋದಳು. ಆ ಇಡೀ ವರದಿಯಲ್ಲಿ ಸರಿಯಾದ ನಿರ್ಧಾರ ತೆಗೆದುಕೊಂಡವಳು ಅವಳೊಬ್ಬಳೇ ಎಂದು ನನ್ನ ಅನಿಸಿಕೆ.

ಕಾವೇರಿತೀರ:
ಇಷ್ಟು ದಿನ ಓದುತ್ತ ಕುಳಿತವಳು ಒಂದು ಪ್ರಶ್ನೆ ಕೇಳುತ್ತೇನೆ. ಸಿದ್ಧಾಂತಗಳ ಮಾತು ಸಾಕಷ್ಟು ಬಂದಿದೆ, ಆದರೆ ಆ ಕೋಣೆಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಯಾರಾದರೂ ತಿಳಿಸುವಿರಾ? ರೋಗಿ ಏನು ಮಾಡಬೇಕು, ವೈದ್ಯ ಏನು ಮಾಡುತ್ತಾರೆ, ಆ ಕ್ರಮ ಎಲ್ಲಿಂದ ಬಂತು?

ವಸುಧಾ (ಮನೋವೈದ್ಯೆ):
ಕಾವೇರಿತೀರ ಅವರ ಪ್ರಶ್ನೆಗೆ ಉತ್ತರಿಸಿದರೆ ಪ್ರಸನ್ನ ಅವರ ಆಕ್ಷೇಪಕ್ಕೂ ಅರ್ಧ ಉತ್ತರ ದೊರೆಯುತ್ತದೆ, ಏಕೆಂದರೆ ಕ್ರಮ ರೂಪುಗೊಂಡದ್ದೇ ಆ ಬಗೆಯ ಒತ್ತಾಯವನ್ನು ಕೈಬಿಡುತ್ತ ಹೋದದ್ದರಿಂದ.

ರೋಗಿಗೆ ಇರುವ ನಿಯಮ ಒಂದೇ: ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಬೇಕು, ಇದು ಅಪ್ರಸ್ತುತ, ಇದು ಕ್ಷುಲ್ಲಕ, ಇದು ಹೇಳಲು ನಾಚಿಕೆ ಎಂದು ಯಾವುದನ್ನೂ ತಡೆಹಿಡಿಯಬಾರದು. 1913ರ ಲೇಖನವೊಂದರಲ್ಲಿ ಫ್ರಾಯ್ಡ್ ಇದನ್ನು ರೋಗಿಗೆ ವಿವರಿಸುವ ಬಗೆ ಹೀಗಿದೆ: ನೀವು ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೀರಿ, ಒಳಗೆ ಕುಳಿತವರಿಗೆ ಹೊರಗೆ ಬದಲಾಗುತ್ತಿರುವ ನೋಟಗಳನ್ನು ಹೇಳುತ್ತಿದ್ದೀರಿ ಎಂದುಕೊಳ್ಳಿ. ರೋಗಿ ದಿವಾನದ ಮೇಲೆ ಮಲಗಿರುತ್ತಾರೆ, ವಿಶ್ಲೇಷಕರು ಕಣ್ಣಿಗೆ ಬೀಳದಂತೆ ತಲೆಯ ಹಿಂದೆ ಕುಳಿತಿರುತ್ತಾರೆ. ದಿನಕ್ಕೆ ಎಂಟು ಗಂಟೆ ಜನ ತನ್ನನ್ನೇ ದಿಟ್ಟಿಸುವುದನ್ನು ಸಹಿಸಲಾರೆ ಎಂಬ ಸ್ವಂತ ಕಾರಣವನ್ನೂ ಫ್ರಾಯ್ಡ್ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ವಿಶ್ಲೇಷಕರು ಯಾವುದೇ ಒಂದು ಸಂಗತಿಗೆ ಅಂಟಿಕೊಳ್ಳದೆ ಎಲ್ಲವನ್ನೂ ಒಂದೇ ಸಮನಾದ ಗಮನದಿಂದ ಕೇಳಬೇಕು. ಮಾತು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಟ್ಟನೆ ದಿಕ್ಕು ಬದಲಿಸುತ್ತದೆ, ಯಾವುದು ಮತ್ತೆ ಮತ್ತೆ ಬರುತ್ತದೆ ಎಂಬುದು ಅವರ ಕಿವಿಗೆ ಬೀಳಬೇಕು. ಮುಕ್ತ ಸಾಹಚರ್ಯ ಎಂದು ನಮ್ಮ ಪಠ್ಯಗಳಲ್ಲಿ ಬರುವುದು ಇದೇ.

ಇದು ಎಲ್ಲಿಂದ ಬಂತು? 1889ರ ಸುಮಾರಿನಲ್ಲಿ, 'ಎಮ್ಮಿ ಫಾನ್ ಎನ್.' ಎಂದು ಕರೆಯಲಾದ ರೋಗಿಯೊಬ್ಬರನ್ನು ಫ್ರಾಯ್ಡ್ ಸಂಮೋಹನಕ್ಕೆ ಒಳಪಡಿಸಿ, ಈ ನೋವು ಎಲ್ಲಿಂದ ಬಂತು, ಆ ಭಯ ಎಲ್ಲಿಂದ ಬಂತು ಎಂದು ಕೇಳುತ್ತಲೇ ಇದ್ದಾಗ ಆಕೆ ಸಿಡುಕಿದರು: ಇದು ಎಲ್ಲಿಂದ, ಅದು ಎಲ್ಲಿಂದ ಎಂದು ಕೇಳುವುದನ್ನು ಬಿಟ್ಟು, ನಾನು ಹೇಳಬೇಕಾದುದನ್ನು ಹೇಳಲು ಬಿಡಿ. ಫ್ರಾಯ್ಡ್ ಅದಕ್ಕೆ ಒಪ್ಪಿದರು. 1892ರಲ್ಲಿ ಬಂದ 'ಎಲಿಸಬೆತ್ ಫಾನ್ ಆರ್.' ಅವರಿಗೆ ಕಾಲುನೋವು. ಅವರ ವಿಷಯದಲ್ಲಿ ಸಂಮೋಹನವನ್ನು ನೆಚ್ಚಿಕೊಳ್ಳದೆ ಫ್ರಾಯ್ಡ್ ನೀವು ಹೇಳಿದಂತೆ ಹಣೆ ಒತ್ತಿ ಕೇಳಿದರು. ಆಕೆ ಏನೂ ಹೊಳೆಯಲಿಲ್ಲ ಎಂದರು, ಮತ್ತೆ ಕೇಳಿದಾಗ ಒಂದು ನೆನಪು ಹೇಳಿದರು, ಜೊತೆಗೆ ಇದನ್ನು ಮೊದಲ ಸಲವೇ ಹೇಳಬಹುದಿತ್ತು ಎಂದರು. ಏಕೆ ಹೇಳಲಿಲ್ಲ ಎಂದರೆ, ಇದು ಬೇಕಾದದ್ದಲ್ಲವೆಂದುಕೊಂಡೆ ಎಂಬ ಉತ್ತರ. ಪ್ರತಿರೋಧ ಎಂಬ ಪರಿಕಲ್ಪನೆ ನೆಲೆಯೂರಿದ್ದು ಇಂಥ ಸಣ್ಣ ವಿನಿಮಯಗಳಲ್ಲಿ. ಕೆಲವು ವರ್ಷಗಳಲ್ಲಿ ಹಣೆ ಒತ್ತುವುದು, ಪ್ರಶ್ನೆ ಕೇಳುವುದು ಎಲ್ಲವೂ ಹಿಂದೆ ಸರಿದು, ಮಾತಿನ ದಾರಿಯನ್ನು ರೋಗಿಯೇ ಆರಿಸುವ ಕ್ರಮ ಉಳಿಯಿತು.

ಡೋರಾ ಬಗ್ಗೆ ನಿಮಗೆ ಬಂದ ಸಿಟ್ಟು ನನಗೂ ಬಂದಿದೆ, ಅದನ್ನು ಕಡಿಮೆ ಮಾಡಲು ಹೋಗುವುದಿಲ್ಲ. ಆದರೆ 1905ರಲ್ಲಿ ಆ ವರದಿಯನ್ನು ಪ್ರಕಟಿಸುವಾಗ, ಚಿಕಿತ್ಸೆ ಮುರಿದುಬಿದ್ದದ್ದೇಕೆ ಎಂಬುದನ್ನು ಫ್ರಾಯ್ಡ್ ಕೊನೆಯ ಭಾಗದಲ್ಲಿ ಪರಿಶೀಲಿಸಿದ್ದಾರೆ: ಆ ಮನುಷ್ಯನ ಮೇಲಿದ್ದ ಭಾವಗಳನ್ನು ಅವಳು ವೈದ್ಯನ ಮೇಲೆ ಹೊರಿಸುತ್ತಿದ್ದಳು, ಅದನ್ನು ತಾನು ಸಕಾಲದಲ್ಲಿ ಗುರುತಿಸಲಿಲ್ಲ ಎಂದು. ಭಾವ ವರ್ಗಾವಣೆ ಎಂಬ, ಇಂದಿಗೂ ಎಲ್ಲ ಮಾತಿನ ಚಿಕಿತ್ಸೆಗಳಲ್ಲಿ ಪ್ರಯೋಜನಕ್ಕೆ ಬರುವ ತಿಳಿವಳಿಕೆಗೆ ಸ್ಪಷ್ಟ ರೂಪ ದೊರೆತದ್ದು ಆ ವಿಫಲ ಪ್ರಕರಣದಿಂದ. ಅಲ್ಲವೆಂದರೂ ಹೌದೇ ಎಂಬ ಆಕ್ಷೇಪವನ್ನು ಫ್ರಾಯ್ಡ್ 1937ರಲ್ಲಿ ನೇರವಾಗಿ ಎದುರಿಸಿದರು. ರೋಗಿಯ ಹೌದು, ಅಲ್ಲ ಎರಡನ್ನೂ ಮೇಲ್ನೋಟಕ್ಕೆ ಒಪ್ಪಬಾರದು, ವಿವರಣೆಯ ನಂತರ ಹೊಸ ನೆನಪುಗಳು ಹೊರಬರುತ್ತವೆಯೇ ಇಲ್ಲವೇ ಎಂಬುದನ್ನು ನೋಡಬೇಕು ಎಂದರು. ಸೂಚನೆ ಬೆರೆಯುವ ಸಮಸ್ಯೆ ಇದರಿಂದ ಪೂರ್ತಿ ಬಗೆಹರಿಯದು. ಗ್ರುನ್‌ಬಾಮ್ ಅವರ ಮಾತಿಗೆ ತೂಕವಿದೆ.

ಪಾಪರ್ ಅವರ ಮಾತನ್ನು ಮಾತ್ರ ಒಪ್ಪಲಾರೆ. ಮನೋವಿಶ್ಲೇಷಣೆಯಲ್ಲೇ ತರಬೇತಿ ಪಡೆದ ಅಮೆರಿಕದ ವೈದ್ಯ ಏರನ್ ಬೆಕ್, ಖಿನ್ನತೆ ಎಂದರೆ ತನ್ನ ಮೇಲೇ ತಿರುಗಿದ ಕೋಪ ಎಂಬ ವಿವರಣೆಯನ್ನು ರೋಗಿಗಳ ಕನಸುಗಳಲ್ಲಿ ಪರೀಕ್ಷಿಸಲು ಹೊರಟರು. ನಿರೀಕ್ಷಿಸಿದ್ದು ಸಿಗಲಿಲ್ಲ, ಸಿಕ್ಕಿದ್ದು ಸೋಲು ಮತ್ತು ನಷ್ಟದ ಚಿತ್ರಗಳು. ಅಲ್ಲಿಂದ ಅವರು 1960ರ ದಶಕದಲ್ಲಿ, ಯೋಚನೆಯ ತಪ್ಪು ರೂಢಿಗಳನ್ನು ತಿದ್ದುವ ಅರಿವಿನ ಚಿಕಿತ್ಸೆಯ ಕಡೆಗೆ ಹೊರಳಿದರು. ಒಂದು ವಿವರಣೆ ಪರೀಕ್ಷೆಯಲ್ಲಿ ಸೋತಿದೆ ಎಂದಮೇಲೆ, ಅದನ್ನು ಪರೀಕ್ಷಿಸಲು ಸಾಧ್ಯವಿತ್ತು ಎಂದೇ ಅರ್ಥ. ಮನೋವಿಶ್ಲೇಷಣೆಯಿಂದ ಕವಲೊಡೆದ ಅಲ್ಪಾವಧಿಯ ಚಿಕಿತ್ಸೆಗಳನ್ನು ಇಂದು ಖಿನ್ನತೆಯಂಥ ತೊಂದರೆಗಳಲ್ಲಿ ನಿಯಂತ್ರಿತ ಪ್ರಯೋಗಗಳಿಗೆ ಒಡ್ಡಲಾಗಿದೆ, ಅವುಗಳಿಂದ ಉಪಯೋಗವೂ ಕಂಡುಬಂದಿದೆ. ವಾರಕ್ಕೆ ನಾಲ್ಕೈದು ದಿನದಂತೆ ವರ್ಷಗಟ್ಟಲೆ ನಡೆಯುವ ಮೂಲ ರೂಪಕ್ಕೆ ಅಂಥ ಪುರಾವೆ ಕಡಿಮೆ. ನನ್ನ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ತಲೆನೋವು, ಎದೆಯುರಿ, ಕೈಕಾಲು ಸೆಳೆತ ಎಂದು ಬರುವ ಹೆಣ್ಣುಮಕ್ಕಳ ಹತ್ತಿರ ಆ ಹತ್ತು ನಿಮಿಷದಲ್ಲಿ ಮೂರು ನಿಮಿಷವಾದರೂ ಪ್ರಶ್ನೆ ಕೇಳದೆ ಸುಮ್ಮನೆ ಕುಳಿತುಕೊಳ್ಳುವುದನ್ನು ನಾನು ಕಲಿತದ್ದು ಈ ಹಳೆಯ ವರದಿಗಳಿಂದಲೇ.

ನಾರಾಯಣ ಮೇಷ್ಟ್ರು:
ಅನುಪಮಾ ಅವರು ಗುರಿಯ ಬಗ್ಗೆ ತೋರಿಸಿದ ಭೇದ ಮಹತ್ವದ್ದು. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಫ್ರಾಯ್ಡ್ ಅವರ ಎಪ್ಪತ್ತೈದನೆಯ ಜನ್ಮದಿನಕ್ಕೆ, 1931ರಲ್ಲಿ, ಭಾರತೀಯ ಸಂಘ ಕಳುಹಿಸಿದ್ದು ದಂತದ ವಿಷ್ಣು ಮೂರ್ತಿಯನ್ನು. ಅವರು ಅದನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಆ ಸಂಘದವರಿಗೆ ತಮ್ಮ ಹೊಸ ವಿದ್ಯೆಗೂ ಹಳೆಯ ಪರಂಪರೆಗೂ ವಿರೋಧ ಕಾಣಲಿಲ್ಲ. ನಾನು ಕೇಳುತ್ತಿರುವುದು ಅದನ್ನು ದಾಖಲಿಸಿ ಎಂದು ಮಾತ್ರ. ಎಲ್ಲವೂ ನಮ್ಮಲ್ಲೇ ಇತ್ತು ಎಂಬ ವಾದಕ್ಕೆ ನಾನು ನಿಲ್ಲುವುದಿಲ್ಲ.

ಅನುಪಮಾ:
ಅದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ ಮೇಷ್ಟ್ರೇ.

ಪ್ರಸನ್ನ ಅವರೇ, ಸ್ಥಾಪಕರು ಯಾರು ಎಂಬ ಪ್ರಶ್ನೆಗೆ ಫ್ರಾಯ್ಡ್ ಅವರೇ ಎರಡು ಉತ್ತರ ಕೊಟ್ಟಿದ್ದಾರೆ. 1909ರಲ್ಲಿ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ, ಇದನ್ನು ಹುಟ್ಟುಹಾಕಿದ ಶ್ರೇಯಸ್ಸು ತನ್ನದಲ್ಲ, ಬ್ರಾಯರ್ ಅವರದು, ಆಗ ತಾನು ಅಂತಿಮ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿ ಎಂದರು. ಸಹವರ್ತಿಗಳಾಗಿದ್ದ ಆಡ್ಲರ್ ಮತ್ತು ಯೂಂಗ್ ಬೇರೆಯಾದ ಮೇಲೆ, 1914ರಲ್ಲಿ, ಮನೋವಿಶ್ಲೇಷಣೆ ತನ್ನ ಸೃಷ್ಟಿ, ಬಂದ ಬೈಗುಳವೆಲ್ಲ ತನಗೇ ಬಂದಿರುವುದರಿಂದ ನಿಜವಾದ ಕರ್ತೃ ತಾನೇ ಇರಬೇಕು ಎಂದು ಬರೆದರು. ಸಂಘಟನೆಯ ಜಗಳದಲ್ಲಿ ಇತಿಹಾಸ ಹೇಗೆ ತಿದ್ದಲ್ಪಡುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಶಿಷ್ಯರೂ ಹಿಂದೆ ಬೀಳಲಿಲ್ಲ. ಆನಾ ಓ. ಪ್ರಕರಣದಿಂದ ಗಾಬರಿಗೊಂಡ ಬ್ರಾಯರ್ ಹೆಂಡತಿಯೊಡನೆ ವೆನಿಸ್‌ಗೆ ಓಡಿದರೆಂದೂ, ಅಲ್ಲಿ ಅವರ ಮಗಳ ಗರ್ಭಾಂಕುರವಾಯಿತೆಂದೂ ಫ್ರಾಯ್ಡ್ ಅವರ ಜೀವನಚರಿತ್ರೆಕಾರ ಅರ್ನೆಸ್ಟ್ ಜೋನ್ಸ್ ಬರೆದ ಕಥೆ ದಶಕಗಳ ಕಾಲ ಚಲಾವಣೆಯಲ್ಲಿತ್ತು. ಆ ಮಗಳು ಹುಟ್ಟಿದ್ದು 1882ರ ಮಾರ್ಚ್‌ನಲ್ಲಿ, ಚಿಕಿತ್ಸೆ ಮುಗಿಯುವ ಮೊದಲೇ.

ನನಗೆ ಮುಖ್ಯವೆನಿಸುವುದು ಈ ಎರಡೂ ಉತ್ತರಗಳಲ್ಲಿ ಕಾಣದ ವ್ಯಕ್ತಿ. ಆನಾ ಓ. ಅವರ ನಿಜವಾದ ಹೆಸರು ಬರ್ಥಾ ಪಾಪೆನ್‌ಹೈಮ್. ಆ ಚಿಕಿತ್ಸೆಗೆ ಇಂಗ್ಲಿಷಿನಲ್ಲಿ 'ಮಾತಿನ ಚಿಕಿತ್ಸೆ' ಎಂದು ಹೆಸರಿಟ್ಟದ್ದು ಅವರು. ಸಂಜೆಯ ಹೊತ್ತು ತಾವಾಗಿ ಕಥೆ ಹೇಳಿ ಹಗುರಾಗುವ ಪದ್ಧತಿಯನ್ನು ಮೊದಲು ಮಾಡಿದವರು ಅವರು, ಬ್ರಾಯರ್ ಅದನ್ನು ಗಮನಿಸಿ ಮುಂದುವರಿಸಿದರು. ಎಮ್ಮಿ ಸುಮ್ಮನಿರಿ ಎಂದರು, ಎಲಿಸಬೆತ್ ಮೊದಲೇ ಹೇಳಬಹುದಿತ್ತು ಎಂದರು, ಡೋರಾ ಎದ್ದು ಹೋದಳು. ಫ್ರಾಯ್ಡ್ ಅವರ ದೊಡ್ಡತನ ಇರುವುದು ಇದನ್ನೆಲ್ಲ ಕೇಳಿಸಿಕೊಂಡು, ತಮಗೆ ಮುಜುಗರ ತರುವಂಥದ್ದನ್ನೂ ಬರೆದಿಟ್ಟು, ಅದರಿಂದ ಒಂದು ಕ್ರಮವನ್ನು ಕಟ್ಟಿದ್ದರಲ್ಲಿ. ಕೇಳಿಸಿಕೊಂಡದ್ದರ ಮೇಲೆ ಅವಸರದ ಸಿದ್ಧಾಂತಗಳನ್ನು ಹೇರಿದ್ದು ಅವರ ದೌರ್ಬಲ್ಯ. ನೀವು ಕೊಟ್ಟ ಉದಾಹರಣೆಗಳೆಲ್ಲ ಈ ಎರಡನೆಯದಕ್ಕೆ ಸೇರಿದವು.

ಬರ್ಥಾ ಅವರ ಮುಂದಿನ ಬದುಕು ಮನೋವಿಶ್ಲೇಷಣೆಗೆ ಋಣಿಯಲ್ಲ. 1904ರಲ್ಲಿ ಅವರು ಜರ್ಮನಿಯ ಯಹೂದಿ ಮಹಿಳೆಯರ ಒಕ್ಕೂಟವನ್ನು ಸ್ಥಾಪಿಸಿದರು, ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಹೋರಾಡಿದರು, 1907ರಲ್ಲಿ ಫ್ರಾಂಕ್‌ಫರ್ಟ್ ಬಳಿಯ ನಾಯ್-ಈಸೆನ್‌ಬುರ್ಗ್‌ನಲ್ಲಿ ದಿಕ್ಕಿಲ್ಲದ ಹುಡುಗಿಯರಿಗೂ ಅವಿವಾಹಿತ ತಾಯಂದಿರಿಗೂ ಆಶ್ರಯ ತೆರೆದು ಸುಮಾರು ಮೂರು ದಶಕ ನಡೆಸಿದರು. ಮನೋವಿಶ್ಲೇಷಣೆ ವೈದ್ಯನ ಕೈಯಲ್ಲಿ, ಪಾದ್ರಿಯ ಕೈಯಲ್ಲಿನ ಪಾಪನಿವೇದನೆಯಂತೆ; ಒಳ್ಳೆಯ ಸಾಧನವಾಗುವುದೂ ಇಬ್ಬಾಯ ಕತ್ತಿಯಾಗುವುದೂ ಅದನ್ನು ಹಿಡಿದವರ ಮೇಲೆ ನಿಂತಿದೆ ಎಂದು ಅವರು ಹೇಳಿದ್ದರೆಂದು ಅವರನ್ನು ಬಲ್ಲವರು ದಾಖಲಿಸಿದ್ದಾರೆ.

ಪ್ರಸನ್ನ:
ಅನುಪಮಾ ಅವರೇ, ಕೇಳಿಸಿಕೊಳ್ಳುವ ಕ್ರಮ ಬೇರೆ, ಅದರ ಮೇಲೆ ಕಟ್ಟಿದ ಸಿದ್ಧಾಂತ ಬೇರೆ ಎಂಬ ವಿಂಗಡಣೆಯೊಂದಿಗೆ ನಾನು ಮುಂದೆ ಹೋಗಬಲ್ಲೆ. ಆದರೆ ನನ್ನ ಆಕ್ಷೇಪದ ಒಂದು ಭಾಗ ಹಾಗೆಯೇ ಉಳಿದಿದೆ. ಹಣೆ ಒತ್ತುವುದನ್ನು ಬಿಟ್ಟ ಮಾತ್ರಕ್ಕೆ ಸೂಚನೆ ನಿಲ್ಲುವುದಿಲ್ಲ. ವೈದ್ಯ ಯಾವ ಮಾತಿಗೆ ಹೂಂಗುಟ್ಟುತ್ತಾನೆ, ಯಾವುದಕ್ಕೆ ಸುಮ್ಮನಿರುತ್ತಾನೆ ಎಂಬುದನ್ನು ರೋಗಿ ಬಹಳ ಬೇಗ ಕಲಿತುಕೊಳ್ಳುತ್ತಾಳೆ. ಬ್ರಾಯರ್ ಕಾಲದಲ್ಲಿ ಅದನ್ನು ಅಳೆಯುವ ಉಪಾಯವಿರಲಿಲ್ಲ. ಇಂದು ಚಿಕಿತ್ಸೆಯ ಅವಧಿಗಳನ್ನು ಧ್ವನಿಮುದ್ರಿಸಿ, ವಿಶ್ಲೇಷಕರ ಮಾತಿಗೂ ಮೌನಕ್ಕೂ ರೋಗಿಯ ಮುಂದಿನ ಮಾತಿಗೂ ಇರುವ ಸಂಬಂಧವನ್ನು ಮೂರನೆಯವರು ಪರಿಶೀಲಿಸಲು ಸಾಧ್ಯವಿದೆ. ಆ ಬಗೆಯ ಕೆಲಸದ ಬಗ್ಗೆ ವಸುಧಾ ಮೇಡಂ ಪ್ರತ್ಯೇಕವಾಗಿ ಬರೆದರೆ ನಾನು ಖಂಡಿತ ಓದುತ್ತೇನೆ, ಅಲ್ಲಿಯೂ ಇಷ್ಟೇ ಕಟ್ಟುನಿಟ್ಟಾಗಿ ಪ್ರಶ್ನಿಸುತ್ತೇನೆ.

ವಸುಧಾ (ಮನೋವೈದ್ಯೆ):
ಬರೆಯುತ್ತೇನೆ. ಧ್ವನಿಮುದ್ರಣಕ್ಕೆ ರೋಗಿಯ ಒಪ್ಪಿಗೆ ಪಡೆಯುವುದು, ಮುದ್ರಣಯಂತ್ರ ಎದುರಿಗಿದೆ ಎಂಬ ಅರಿವೇ ಮಾತನ್ನು ಬದಲಿಸುವುದು, ಈ ಎರಡು ತೊಡಕುಗಳಿಂದಲೇ ಆರಂಭಿಸುತ್ತೇನೆ.